ನಾಲ್ಕನೆಯ ಭಾಷೆ ಮರೆಯದಿರಿ

ನಿಮ್ಮ ಪತ್ರಿಕೆಯ ಸ್ವಿಟ್ಜರ್ಲೆಂಡ್ ಪ್ರವಾಸದ ಲೇಖನದಲ್ಲಿ ಅಲ್ಲಿ ಜರ್ಮನ್, ಫ್ರೆಂಚ್, ಇಟಾಲಿಯನ್ ಮೂರೇ ಭಾಷೆ ಎಂದು ಬರೆದಿರುವುದು ಸರಿಯಲ್ಲ. ನಾಲ್ಕನೆಯದೊಂದಿದೆ, ರೊಮಾನ್ಶ್. ಗ್ರೌಬ್ಯುಂಡೆನ್ ಪ್ರಾಂತ್ಯದ ಬೆಟ್ಟ ಕಣಿವೆಗಳ ಮಾತು. ಆಡುವವರು ದೇಶದ ಜನರಲ್ಲಿ ಶೇ 1ರಷ್ಟೂ ಇಲ್ಲ. ಆದರೂ 1938ರಲ್ಲಿ ಮತದಾರರು ಭಾರಿ ಬಹುಮತದಿಂದ ಅದಕ್ಕೆ ರಾಷ್ಟ್ರಭಾಷೆಯ ಸ್ಥಾನ ಕೊಟ್ಟರು. (ಆಗ ಮತ ಹಾಕುತ್ತಿದ್ದವರು ಗಂಡಸರು ಮಾತ್ರ, ಅದು ಬೇರೆ ಮಾತು.)

ಅವರ ಫ್ರಾಂಕ್ ನೋಟು ಸಿಕ್ಕರೆ ಸುಮ್ನೆ ಒಮ್ಮೆ ತಿರುಗಿಸಿ ನೋಡಿ. ಬ್ಯಾಂಕಿನ ಹೆಸರು ನಾಲ್ಕೂ ಭಾಷೆಗಳಲ್ಲಿದೆ. ನೋಟಿನಲ್ಲೇ ಜಾಗ ಇರುವಾಗ ಲೇಖನದಲ್ಲಿ ಒಂದು ಸಾಲು ಜಾಸ್ತಿ ಆಗುತ್ತಿರಲಿಲ್ಲ ಅಲ್ವಾ? ಐದು ಪ್ರಾದೇಶಿಕ ರೂಪಗಳಲ್ಲಿ ಬರೆಯುವ ಈ ಪುಟ್ಟ ಭಾಷೆಯನ್ನು ಅಲ್ಲಿನ ಶಾಲೆಗಳು ಹೇಗೆ ಕಲಿಸುತ್ತವೆ ಎಂಬ ಬಗ್ಗೆ ಭಾನುವಾರದ ಪುರವಣಿಯಲ್ಲಿ ಲೇಖನ ಕೊಡಿ.

– ಓದುಗ, ಶಿರಸಿ