ಮಗಳು ಕ್ಲಾಸಿನಲ್ಲಿ, ವಾಚಿನ ಪ್ರಕಾರ ಕುಕ್ಕರಹಳ್ಳಿ ಕೆರೆಯಲ್ಲಿ

ಸಂಪಾದಕರಿಗೆ ನಮಸ್ಕಾರ.

ದಸರಾ ಹತ್ತಿರ ಬಂದ ಹಾಗೆ ಪೇಪರಿನಲ್ಲೂ ಫೋನಿನಲ್ಲೂ ಮಕ್ಕಳ ಜಿಪಿಎಸ್ ವಾಚಿನ ಜಾಹೀರಾತು ಜಾಸ್ತಿಯಾಗಿದೆ. ಮಗು ಎಲ್ಲಿದ್ದರೂ ನಿಮ್ಮ ಕಣ್ಣ ಮುಂದೆಯೇ ಇರುತ್ತದೆ ಅನ್ನೋ ಧಾಟಿ. ಹೋದ ವರ್ಷ ಅದನ್ನು ನಂಬಿ ನಾವೂ ಒಂದು ತರಿಸಿದೆವು. ಏನಾಯಿತು ಅಂತ ಬರೆಯುತ್ತಿದ್ದೇನೆ, ಈ ಸಲ ತಗೊಳ್ಳುವವರು ದುಡ್ಡು ಕೊಡೋ ಮುಂಚೆ ಓದಲಿ.

ತರಿಸೋಕೆ ಕಾರಣ ಇತ್ತು. ಅದರ ಹಿಂದಿನ ದಸರಾದಲ್ಲಿ, ವಸ್ತುಪ್ರದರ್ಶನದ ಹಪ್ಪಳದ ಅಂಗಡಿ ಮುಂದೆ ಚಿಲ್ಲರೆ ತೆಗೆಯೋಕೆ ಅಂತ ಮಗಳ ಕೈ ಬಿಟ್ಟೆ, ತಿರುಗಿ ನೋಡಿದರೆ ಇಲ್ಲ. ಐದು ನಿಮಿಷ ಅಷ್ಟೇ. ಬಳೆ ಅಂಗಡಿ ಹತ್ತಿರ ಆರಾಮಾಗಿ ನಿಂತಿದ್ದಳು. ನನ್ನ ಕಾಲು ಮನೆಗೆ ಬರೋವರೆಗೂ ನಡುಗುತ್ತಿತ್ತು. ಆ ಐದು ನಿಮಿಷ ನೋಡಿದವರಿಗೆ ಯಾರು ಏನು ಮಾರಿದರೂ ಕೊಂಡುಬಿಡುತ್ತಾರೆ, ಅಲ್ವಾ?

ವಾಚು ಬಂತು. ನೇರಳೆ ಬಣ್ಣದ ಪಟ್ಟಿ, ಬೆಕ್ಕಿನ ಮುಖ, ಎರಡು ಸಾವಿರದ ಚಿಲ್ಲರೆ. ಮಗಳಿಗೆ ಖುಷಿಯೋ ಖುಷಿ. ಮೊದಲ ಪೇಚಾಟ ಸಿಮ್‌ದು. ಅದು 2ಜಿ ವಾಚು, ಡಬ್ಬದ ಮೇಲೆ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ಬರೆದಿತ್ತು. ಮನೆಯಲ್ಲಿದ್ದದ್ದು ಜಿಯೋ ಸಿಮ್. ಜಿಯೋದವರ ಹತ್ತಿರ 2ಜಿ ಇಲ್ಲವೇ ಇಲ್ಲ, ಹಾಗಾಗಿ ಬೇರೆ ಸಿಮ್ ತಗೊಂಡು, ಅದಕ್ಕೆ ತಿಂಗಳು ತಿಂಗಳು ಬೇರೆ ರೀಚಾರ್ಜ್.

ಎರಡನೇ ವಾರ. ಮಗಳನ್ನು ಸರಸ್ವತಿಪುರಂನಲ್ಲಿ ಭರತನಾಟ್ಯದ ಕ್ಲಾಸಿಗೆ ಬಿಟ್ಟು ಬಂದು ಕುಕ್ಕರ್ ಇಟ್ಟೆ. ಸುಮ್ನೆ ಫೋನಿನಲ್ಲಿ ವಾಚಿನ ಆಪ್ ತೆಗೆದು ನೋಡಿದರೆ ಮಗಳಿರುವ ಜಾಗ ತೋರಿಸುವ ಚುಕ್ಕೆ ಕುಕ್ಕರಹಳ್ಳಿ ಕೆರೆ ಒಳಗೆ! ದಂಡೆ ಮೇಲಲ್ಲ, ನೀರಿನ ನಡುವೆ. ಒಲೆ ಆರಿಸಿದೆನೋ ಇಲ್ಲವೋ ನೆನಪಿಲ್ಲ, ಸ್ಕೂಟರ್ ಹತ್ತಿ ಓಡಿದೆ. ಅವಳು ಒಳಗೆ ಅರೆಮಂಡಿ ಕೂತು ತಟ್ಟಡವು ಹಾಕುತ್ತಿದ್ದಳು. ಟೀಚರ್ ನನ್ನ ಮುಖ ನೋಡಿ ನೀರು ತಂದುಕೊಟ್ಟರು.

ಆಮೇಲೆ ತಿಳಿಯಿತು. ಜಿಪಿಎಸ್ ಸಿಗ್ನಲ್ ಬರುವುದು ಸುಮಾರು 20,000 ಕಿಲೋಮೀಟರ್ ಮೇಲಿರುವ ಉಪಗ್ರಹಗಳಿಂದ. ಆಕಾಶ ಕಾಣುವ ಕಡೆ ಚೆನ್ನಾಗಿ ಸಿಗುತ್ತದೆ, ಆರ್‌ಸಿಸಿ ಮನೆಯೊಳಗೆ ಸರಿಯಾಗಿ ಸಿಗುವುದಿಲ್ಲ. ಆಗ ವಾಚು ಹತ್ತಿರದ ಮೊಬೈಲ್ ಟವರ್ ಹಿಡಿದು ಅಂದಾಜು ಹೇಳುತ್ತದೆ, ಆ ಅಂದಾಜು ನೂರಾರು ಮೀಟರ್ ಆಚೀಚೆ ಆಗಬಹುದು. ಆಪ್ ಮಾತ್ರ ಖಚಿತ ಜಾಗಕ್ಕೂ ಅಂದಾಜಿನ ಜಾಗಕ್ಕೂ ಒಂದೇ ಥರ ಕೆಂಪು ಚುಕ್ಕೆ ಇಡುತ್ತದೆ. ಕೆಲವು ವಾಚು ವೈಫೈ ನೋಡಿಯೂ ಜಾಗ ಹೇಳುತ್ತವೆ, ಊರೊಳಗೆ ಅವು ಎಷ್ಟೋ ವಾಸಿ.

ಇದನ್ನಾದರೂ ಸಹಿಸಬಹುದಿತ್ತು. ಮುಂದಿನದು ಹೇಳೋಕೆ ನನಗೇ ನಾಚಿಕೆ. ಆಪ್‌ನಲ್ಲಿ ಒಂದು ಬಟನ್ ಇತ್ತು. ಒತ್ತಿದರೆ ವಾಚು ಸದ್ದಿಲ್ಲದೆ ನಮ್ಮ ಫೋನಿಗೆ ಕಾಲ್ ಮಾಡುತ್ತದೆ, ಅಲ್ಲಿ ನಡೆಯುವ ಮಾತೆಲ್ಲ ನಮಗೆ ಕೇಳಿಸುತ್ತದೆ, ಅಲ್ಲಿದ್ದವರಿಗೆ ಗೊತ್ತೇ ಆಗುವುದಿಲ್ಲ. ಒಂದು ದಿನ ಕುತೂಹಲಕ್ಕೆ ಒತ್ತಿಬಿಟ್ಟೆ. ಸ್ಕೂಲಿನಲ್ಲಿ ಮಿಸ್ಸು ಯಾವುದೋ ಬೇರೆ ಹುಡುಗನಿಗೆ, ಅವನ ಮನೆ ಕಷ್ಟದ ಬಗ್ಗೆ ಮೆತ್ತಗೆ ಮಾತಾಡುತ್ತಿದ್ದರು. ನಾನು ಕೇಳಬಾರದ ಮಾತು ಅದು. ತಕ್ಷಣ ಕಟ್ ಮಾಡಿದೆ. ಸಂಜೆ ಮಗಳಿಗೆ ಹೇಳಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: 'ಅಮ್ಮ, ನಾನು ಬಾತ್‌ರೂಮಿಗೆ ಹೋದಾಗಲೂ ಕೇಳಿಸುತ್ತಾ?'

ಜರ್ಮನಿಯಲ್ಲಿ ಇಂಥ ಕದ್ದು ಕೇಳುವ ಮಕ್ಕಳ ವಾಚುಗಳನ್ನು 2017ರ ನವೆಂಬರಿನಲ್ಲೇ ನಿಷೇಧ ಮಾಡಿದ್ದಾರೆ. ಅಪ್ಪ ಅಮ್ಮಂದಿರು ಕ್ಲಾಸ್ ನಡೆಯುವಾಗ ಟೀಚರ್ ಮಾತು ಕೇಳಿಸಿಕೊಳ್ಳುತ್ತಾರೆ ಅನ್ನುವುದನ್ನೂ ಅಲ್ಲಿನ ಅಧಿಕಾರಿಗಳು ಹೇಳಿದ್ದರು. ಓದಿದಾಗ ನನ್ನನ್ನೇ ಬೈದ ಹಾಗಾಯಿತು.

ಇನ್ನು ಪಾಸ್‌ವರ್ಡ್. ಮೇಲಿನ ಮನೆ ಹುಡುಗ ಇಂಜಿನಿಯರಿಂಗ್ ಓದುತ್ತಿದ್ದಾನೆ. 'ಆಂಟಿ, ಆ ವಾಚಿನ ಹಿಂದಿರುವ ನಂಬರ್ ಓದಿ' ಅಂದ. ಓದಿದೆ. ತನ್ನ ಫೋನಿನಲ್ಲಿ ಆ ನಂಬರ್ ಹಾಕಿ, ಪಾಸ್‌ವರ್ಡ್ 123456 ಅಂತ ಒತ್ತಿದ. ಒಂದು ನಿಮಿಷದೊಳಗೆ ನಮ್ಮ ಮಗಳು ಎಲ್ಲಿದ್ದಾಳೆ ಅಂತ ಅವನ ಫೋನಿನಲ್ಲಿ ಬಂತು. ನಾವು ಪಾಸ್‌ವರ್ಡ್ ಬದಲಾಯಿಸಿರಲಿಲ್ಲ, ತಪ್ಪು ನಮ್ಮದೇ. ಆದರೆ ಬದಲಾಯಿಸಿ ಅಂತ ಆಪ್ ಕೂಡ ಒಂದು ಸಲವೂ ಹೇಳಿರಲಿಲ್ಲ. ನಾವೊಬ್ಬರೇ ಅಲ್ಲ. 2019ರಲ್ಲಿ ಅವಾಸ್ಟ್ ಅನ್ನುವ ಭದ್ರತಾ ಕಂಪನಿ, ಇದೇ 123456 ಪಾಸ್‌ವರ್ಡ್‌ನಲ್ಲಿ ಸುಮಾರು 6 ಲಕ್ಷ ಟ್ರ್ಯಾಕರ್‌ಗಳು ಬಳಕೆಯಲ್ಲಿವೆ ಅಂತ ಕಂಡುಹಿಡಿದಿತ್ತು. ಅದಕ್ಕೂ ಎರಡು ವರ್ಷ ಮುಂಚೆ ನಾರ್ವೆಯ ಗ್ರಾಹಕ ಮಂಡಳಿ ಮಕ್ಕಳ ವಾಚುಗಳನ್ನು ಪರೀಕ್ಷೆ ಮಾಡಿಸಿದಾಗ, ಕೆಲವು ವಾಚುಗಳನ್ನು ಹೊರಗಿನವರು ಸುಲಭವಾಗಿ ವಶಕ್ಕೆ ತಗೊಂಡು ಮಗುವಿನ ಜಾಡು ಹಿಡಿಯಬಹುದಿತ್ತು. ಮಗು ಕಳೆದುಹೋಗದಿರಲಿ ಅಂತ ಕಟ್ಟಿದ ವಾಚು, ಮಗು ಎಲ್ಲಿದೆ ಅಂತ ಕಂಡವರಿಗೆಲ್ಲ ಹೇಳುತ್ತಿದ್ದರೆ ಅದನ್ನು ಕಟ್ಟದಿರುವುದೇ ವಾಸಿ.

ಹಾಗಾದರೆ ಟ್ಯಾಗ್ ಹಾಕಿ ಅನ್ನುತ್ತಾರೆ, ಕೀಗೆ ಹಾಕುವ ಬಿಲ್ಲೆ ಥರದ್ದು. ಆಪಲ್ ಕಂಪನಿಯ ಟ್ಯಾಗ್ ಏರ್‌ಟ್ಯಾಗ್, ಅದು ಇರುವುದು ವಸ್ತು ಹುಡುಕೋಕೆ, ಮನುಷ್ಯರ ಜಾಡು ಹಿಡಿಯೋಕಲ್ಲ ಅಂತ ಆ ಕಂಪನಿಯವರೇ ಹೇಳುತ್ತಾರೆ. ಅದರಲ್ಲಿ ಸಿಮ್ ಇಲ್ಲ, ಜಿಪಿಎಸ್ ಕೂಡ ಇಲ್ಲ. ಅಕ್ಕಪಕ್ಕ ಯಾರದಾದರೂ ಐಫೋನ್ ಇದ್ದರೆ ಅದರ ಮೂಲಕ ಜಾಗ ತಿಳಿಯುತ್ತದೆ. ಮಾಲ್‌ನಲ್ಲಿ ಸರಿ, ನಮ್ಮ ತವರು ಪಾಂಡವಪುರದ ಕಡೆ ಕಬ್ಬಿನ ಗದ್ದೆ ಬದುವಿನಲ್ಲಿ ಯಾರ ಐಫೋನ್ ಸಿಗಬೇಕು? ಪಕ್ಕದ ಬೀದಿಯವರು ಮಗನ ಸ್ಕೂಲ್ ಬ್ಯಾಗಿಗೆ ಟ್ಯಾಗ್ ಹಾಕಿದ್ದರು. ಹುಡುಗ ಬ್ಯಾಗನ್ನು ವ್ಯಾನಿನಲ್ಲೇ ಬಿಟ್ಟು ಅಜ್ಜಿ ಮನೆ ಹತ್ತಿರ ಇಳಿದ. ಬ್ಯಾಗು ಹಿನಕಲ್‌ವರೆಗೂ ಸುತ್ತಿ ಬಂತು, ಹಿಂದೆಯೇ ಅಪ್ಪನೂ ಸುತ್ತಿ ಬಂದರು.

ಟ್ಯಾಗಿನೊಳಗೆ ನಾಣ್ಯದ ಥರದ ಬ್ಯಾಟರಿ ಇರುತ್ತದೆ, ಇದನ್ನು ದಯವಿಟ್ಟು ಗಮನಿಸಿ. ಮನೆಯಲ್ಲಿ ಇನ್ನೂ ಚಿಕ್ಕ ಮಗು ಇದ್ದು ಅದನ್ನು ನುಂಗಿದರೆ, ಅನ್ನನಾಳದಲ್ಲಿ ಸಿಕ್ಕಿಕೊಂಡು ಎರಡೇ ಗಂಟೆಯಲ್ಲಿ ಒಳಗೆ ಸುಡಬಹುದು. ವಾಂತಿ ಮಾಡಿಸುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಈಗ ಅಂಗಡಿಗೆ ಹೋದರೆ ನಾನು ಬಣ್ಣ, ಕ್ಯಾಮೆರಾ, ಗೇಮ್ ಯಾವುದನ್ನೂ ಕೇಳುವುದಿಲ್ಲ. 4ಜಿ ಇದೆಯಾ, ಮೊದಲ ದಿನವೇ ಪಾಸ್‌ವರ್ಡ್ ಬದಲಾಯಿಸಲೇಬೇಕು ಅನ್ನುತ್ತದಾ, ಕದ್ದು ಕೇಳುವ ಬಟನ್ ಇದ್ದರೆ ಆ ವಾಚೇ ಬೇಡ. ನಾವು ಹಾಕಿದ ನಂಬರಿನಿಂದ ಬಿಟ್ಟು ಬೇರೆ ಕಾಲ್ ಬರದ ಹಾಗೆ ಮಾಡಬಹುದಾ? ಮಗುವಿನ ಮಾಹಿತಿ ಯಾವ ಕಂಪನಿ ಹತ್ತಿರ ಇರುತ್ತದೆ, ಬೇಡ ಅಂದರೆ ಅಳಿಸುತ್ತಾರಾ? ಕಳೆದ ತಿಂಗಳು ಒಬ್ಬರನ್ನು ಇದೆಲ್ಲ ಕೇಳಿದೆ. 'ಮೇಡಂ, ಇಷ್ಟೆಲ್ಲ ಯಾರೂ ಕೇಳಲ್ಲ' ಅಂದರು. ಕೇಳಬೇಕು. ನಮ್ಮಲ್ಲೂ 2023ರಲ್ಲಿ ಡಿಜಿಟಲ್ ಮಾಹಿತಿ ರಕ್ಷಣೆಯ ಕಾಯ್ದೆ ಬಂದಿದೆ, 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಅಂತ ಅದರಲ್ಲಿದೆ. ಎಲ್ಲೋ ಕೂತ ಹೆಸರಿಲ್ಲದ ಕಂಪನಿಯ ಆಪ್‌ಗೆ ಯಾರು ಹೋಗಿ ಕೇಳೋದು ಅನ್ನುವುದು ಬೇರೆ ಮಾತು.

ಜಂಬೂ ಸವಾರಿಗೆ ಅಂತಲೇ ತಗೊಳ್ಳುವವರಿಗೆ ಒಂದು ಮಾತು. ಬ್ಯಾಟರಿ ಉಳಿಸೋಕೆ ಎಷ್ಟೋ ವಾಚು ಹತ್ತು ನಿಮಿಷಕ್ಕೊಮ್ಮೆ ಮಾತ್ರ ಜಾಗ ಕಳಿಸುತ್ತವೆ. ಸಯ್ಯಾಜಿರಾವ್ ರಸ್ತೆಯ ಆ ಜನದಲ್ಲಿ ಹತ್ತು ನಿಮಿಷದ ಹಿಂದಿನ ಚುಕ್ಕೆ ಇಟ್ಟುಕೊಂಡು ಏನು ಮಾಡುತ್ತೀರಿ? ಪ್ರತಿ ನಿಮಿಷಕ್ಕೆ ಹಾಕಿದರೆ ಸಂಜೆ ಪಂಜಿನ ಕವಾಯತು ಶುರುವಾಗುವ ಹೊತ್ತಿಗೆ ವಾಚು ಸತ್ತಿರುತ್ತದೆ. ಅಷ್ಟು ಜನ ಸೇರಿದ ಕಡೆ ನೆಟ್‌ವರ್ಕ್ ಸಿಗುವುದೂ ಕಷ್ಟ.

ಹೋದ ದಸರಾದಲ್ಲಿ ಅತ್ತೆ ಹಳೇ ಉಪಾಯ ತೆಗೆದರು. ಬಿಳಿ ಬಟ್ಟೆ ತುಂಡಿನ ಮೇಲೆ ನಮ್ಮೆಜಮಾನ್ರ ನಂಬರ್ ಬರೆದು, ಲಂಗದ ಒಳಗೆ ಸೇಫ್ಟಿ ಪಿನ್‌ನಿಂದ ಸಿಕ್ಕಿಸಿದರು. ಮೇಲೆ ಸಿಕ್ಕಿಸಬೇಡಮ್ಮ, ಎಲ್ಲರಿಗೂ ಕಾಣುತ್ತದೆ ಅಂದರು. ಅವರಿಗೆ ಗೊತ್ತಿದ್ದದ್ದು ಆ ವಾಚು ಮಾಡಿದ ಕಂಪನಿಗೆ ಗೊತ್ತಿರಲಿಲ್ಲ ನೋಡಿ. ಮಗಳಿಗೆ ನಂಬರನ್ನು ಬಾಯಿಪಾಠ ಮಾಡಿಸಿದೆವು, ತುರ್ತು ಸಹಾಯದ 112 ಮತ್ತು ಮಕ್ಕಳ ಸಹಾಯವಾಣಿ 1098 ಕೂಡ.

ಕೊನೆಗೆ ನನ್ನದೇ ಒಂದು ಪ್ರಶ್ನೆ. ಹಳೇ ವಾಚಿನ ಸಿಮ್ ತೆಗೆದು ಬೀರುವಿನಲ್ಲಿಟ್ಟಿದ್ದೇನೆ. ಆದರೆ ಆ ಆಪ್‌ನಲ್ಲಿ ಮಗಳ ಹೆಸರು, ಫೋಟೋ, ಮೂರು ತಿಂಗಳು ಓಡಾಡಿದ ದಾರಿ ಎಲ್ಲ ಇನ್ನೂ ಹಾಗೇ ಇದೆ. ಅಳಿಸುವ ಬಟನ್ ಎಲ್ಲೂ ಇಲ್ಲ, ಮೇಲ್ ಮಾಡಿದರೆ ಉತ್ತರ ಇಲ್ಲ. ಇದನ್ನು ಎಲ್ಲಿ ದೂರು ಕೊಟ್ಟು ತೆಗೆಸಬೇಕು ಅಂತ ಓದುಗರಲ್ಲಿ ತಿಳಿದವರಿದ್ದರೆ ಇದೇ ಅಂಕಣಕ್ಕೆ ಬರೆಯಲಿ.

– ಒಬ್ಬ ತಾಯಿ, ಕುವೆಂಪುನಗರ, ಮೈಸೂರು