ಅಪ್ಪ ‘ಯಾರು ನೀನು’ ಅಂದಾಗ

ಸುಮವ್ವಾ,

ನಿನ್ನ ಕಾಗದ ಓದಿದೆ. ನಿನ್ನ ಅಪ್ಪನ ಲಿವರ್ ಗಡ್ಡೆಯ ರಿಪೋರ್ಟಿನ ವಿಷಯ ಬಿಡು, ಮನೆಮಂದಿಗೆಲ್ಲ ಗೊತ್ತಿರುವುದೇ. ಕೊನೆಗೊಂದು ಸಾಲು ಬರೆದಿದ್ದೀಯಲ್ಲ, ‘ಅಪ್ಪ ನನ್ನ ಕೈ ತಳ್ಳಿ ಯಾರು ನೀನು, ಹೊರಗೆ ಹೋಗು ಅಂದ, ನನ್ನ ಮದುವೆಯ ಸಿಟ್ಟು ಇನ್ನೂ ಹೊಟ್ಟೆಯಲ್ಲೇ ಇತ್ತಾ ಅತ್ತೆ’ ಅಂತ, ಅದು ನನ್ನ ನಿದ್ದೆ ಕೆಡಿಸಿತು.

ಅದು ಸಿಟ್ಟಲ್ಲವ್ವಾ. ಕರುಳಲ್ಲಿ ಹುಟ್ಟುವ ಅಮೋನಿಯಾವನ್ನು ಲಿವರ್ ತೆಗೆದುಹಾಕಬೇಕು. ಗಡ್ಡೆ ಹಬ್ಬಿ ಅದರ ಕೈಲಿ ಆಗದೆ ಹೋದರೆ ಆ ಹೊಲಸು ರಕ್ತದಲ್ಲೇ ಉಳಿದು ಮೆದುಳಿಗೆ ಹೋಗುತ್ತದೆ. ಹಗಲು ಮಂಪರು, ರಾತ್ರಿ ಎಚ್ಚರ, ಗುರುತು ತಪ್ಪುವುದು, ಬೈಯುವುದು ಎಲ್ಲ ಅದರಿಂದಲೇ.

ನಿಮ್ಮ ಮಾವನಿಗೂ ಹೀಗೇ ಆಗಿತ್ತು, ನೀನಾಗ ಸಣ್ಣವಳು. ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆದವರು, ಅಕ್ಷರ ಅಂದರೆ ಮುತ್ತು. ಬ್ಯಾಂಕಿನ ಕಾಗದಕ್ಕೆ ಸಹಿ ಹಾಕಲು ಕೂತರೆ ಪೆನ್ನು ಗೆರೆ ಬಿಟ್ಟು ಮೇಲೆ ಹೋಗಿ ಅಲ್ಲೇ ಸುತ್ತತೊಡಗಿತು. ಆ ರಾತ್ರಿಯೇ ನನ್ನನ್ನು ನೋಡಿ ‘ಈ ಹೆಂಗಸು ಅಕ್ಕಿ ಕದೀತಾಳೆ, ಹೊರಗೆ ಹಾಕ್ರಿ’ ಅಂದರು. ಡಾಕ್ಟರು ಬಂದರು, ನೋಡಿದರು, ಹೋದರು, ಇದು ರೋಗದ್ದು ಅಂತ ಒಂದು ಮಾತು ಹೇಳಲಿಲ್ಲ. ಉಳಿದ ದಿನವೆಲ್ಲ ನನ್ನ ಮುನಿಸಲ್ಲೇ ಹೋದವು. ಇವತ್ತಿಗೂ ಅದೊಂದು ಸಂಕಟ.

ನಾನೇನು ಡಾಕ್ಟರಲ್ಲ, ಆದರೂ ಹೇಳ್ತೀನಿ. ಮಲ ಕಟ್ಟಿದರೆ ಗೊಂದಲ ಜಾಸ್ತಿಯಾಗುತ್ತದೆ. ಲ್ಯಾಕ್ಟುಲೋಸ್ ಅಂತ ಸಿಹಿ ಸಿರಪ್ ಬರೆದಿದ್ದರೆ ದಿನಕ್ಕೆ ಎರಡು ಮೂರು ಸಲ ಹೊರಗೆ ಆಗುವಂತೆ ನೋಡಿಕೋ, ಬೇಧಿ ಅಂತ ಹೆದರಿ ನೀನೇ ನಿಲ್ಲಿಸಬೇಡ, ಜಾಸ್ತಿ ಆದರೆ ಡಾಕ್ಟರನ್ನು ಕೇಳು. ನಿದ್ದೆ ಗುಳಿಗೆ ಸುಮ್ನೆ ತಂದು ಕೊಡಬೇಡ. ಜ್ವರ ಬಂದರೆ ತಡಮಾಡದೆ ರಾಯಚೂರಿನ ದೊಡ್ಡಾಸ್ಪತ್ರೆ ಓಪೆಕ್‌ಗೆ ಕರೆದೊಯ್ಯಿ, ಸೋಂಕಿಗೂ ತಲೆ ಕೆಡುತ್ತದೆ. ಕಣ್ಣು ಹಳದಿಯಾಗಿದ್ದು ನೋಡಿ ಓಣಿಯವರು ಕಾಮಣಿ ಔಷಧಿ ಹಾಕಿಸು ಅಂತಾರೆ, ಹೂಂ ಅಂದು ಬಿಟ್ಟುಬಿಡು.

ಮದುವೆಯ ಸಿಟ್ಟು ಅಂದೆಯಲ್ಲ. ಸಿಟ್ಟಿದ್ದಿದ್ದರೆ ನನ್ನ ತಮ್ಮ ನಿನ್ನ ಮಗನಿಗೆ ಗೊಂಬೆ ತರಲು ಉರಿಬಿಸಿಲಲ್ಲಿ ಕಿನ್ನಾಳಕ್ಕೆ ಹೋಗುತ್ತಿದ್ದನಾ? ಬಸ್ಸಲ್ಲಿ ಬಣ್ಣ ಉಜ್ಜೀತು ಅಂತ ತನ್ನ ಟವೆಲ್ಲಿನಲ್ಲೇ ಸುತ್ತಿಕೊಂಡು ಬಂದಿದ್ದ, ನಮ್ಮ ಮನೆಯಲ್ಲಿ ಬಿಚ್ಚಿ ತೋರಿಸಿ ಮತ್ತೆ ಸುತ್ತಿದ. ಮತ್ತೆ ಯಾರು ನೀನು ಅಂದರೆ ವಾದ ಮಾಡಬೇಡ, ‘ನಾನು ಸುಮಾ, ಅಪ್ಪ’ ಅನ್ನು, ಸಾಕು. ನಡುವೆ ತಲೆ ತಿಳಿಯಾದಾಗ ಕರೆದರೂ ಕರೆದಾನು. ಕರೆಯದಿದ್ದರೂ ನಿನ್ನ ಮೇಲೇನೂ ಇಲ್ಲ, ಕೇಳಿದೆಯಾ?

ಭಾನುವಾರ ಸಿಂಧನೂರು ಮೇಲೆ ಬಸ್ ಹಿಡಿದು ಬರ್ತೀನಿ. ರಾತ್ರಿ ಅವನ ಹತ್ತಿರ ನಾನು ಕೂರುತ್ತೇನೆ, ನೀನು ಮಲಗು.

ನಿನ್ನ ಅತ್ತೆ