ಮಗಳಿಗೊಂದು ಪತ್ರ: ‘ಏನು ಮಾಡಬೇಕೋ ತಿಳಿಯದು’ ಎನ್ನುವ ಫ್ರೆಂಚ್

ಪ್ರೀತಿಯ ಮಗಳೇ,

ನೀನು ಕಳುಹಿಸಿದ ಫ್ರೆಂಚ್ ಅಭ್ಯಾಸದ ಪುಟಗಳನ್ನು ಓದಿದೆ. ‘ಏನು ಮಾಡಬೇಕೋ ನನಗೆ ತಿಳಿಯದು’ ಎಂಬುದನ್ನು ‘ಜ ನ ಸೇ ಪಾ ಸ ಕ ಫೇರ್’ ಎಂದು ಬರೆದಿದ್ದೀಯೆ. ಎಡವಿರುವುದು ‘ಏನು’ ಎಂಬರ್ಥದ ‘ಸ ಕ’ದಲ್ಲಿ.

ಪರೋಕ್ಷ ಪ್ರಶ್ನೆಯಲ್ಲಿ, ಅಂದರೆ ಇನ್ನೊಂದು ವಾಕ್ಯದೊಳಗೆ ಸೇರಿಕೊಂಡ ಪ್ರಶ್ನೆಯಲ್ಲಿ, ‘ಸ ಕ’ ಬಂದರೆ ಅದರ ಬೆನ್ನಿಗೆ ಕರ್ತೃವೂ ಆ ಕರ್ತೃವಿಗೆ ಹೊಂದುವ ಕ್ರಿಯಾಪದವೂ ಬರಲೇಬೇಕು: ‘ಜ ನ ಸೇ ಪಾ ಸ ಕ ಜ ದ್ವಾ ಫೇರ್’. ಆದರೆ ತಿಳಿಯದೆ ನಿಂತವರೂ ಮಾಡಬೇಕಾದವರೂ ಒಬ್ಬರೇ ಆಗಿರುವಾಗ, ‘ನಾನು’ ಎನ್ನುವ ಎರಡನೆಯ ‘ಜ’ವನ್ನೂ ‘ಬೇಕು’ ಎನ್ನುವ ‘ದ್ವಾ’ವನ್ನೂ ಕೈಬಿಟ್ಟು, ಪ್ರಶ್ನಾಪದದ ಮುಂದೆ ನೇರವಾಗಿ ಇನ್ಫಿನಿಟಿವ್ ಅನ್ನು, ಅಂದರೆ ಕಾಲ ಮತ್ತು ಪುರುಷಗಳ ಹಂಗಿಲ್ಲದ ಕ್ರಿಯಾರೂಪವನ್ನು, ಇಡಬಹುದು, ಆಗ ‘ಸ ಕ’ ಹೋಗಿ ‘ಕ್ವಾ’ ಬರುತ್ತದೆ: ‘ಜ ನ ಸೇ ಪಾ ಕ್ವಾ ಫೇರ್’. ಎಲ್ಲಿಗೆ ಹೋಗಬೇಕೋ ಎಂಬುದಕ್ಕೆ ‘ಊ ಆಲೇ’, ಹೇಗೆ ಹೇಳಬೇಕೋ ಎಂಬುದಕ್ಕೆ ‘ಕೊಮಾಂ ದೀರ್’. ನಮ್ಮ ‘ಬೇಕೋ’ ಅಲ್ಲಿ ಕಾಣದಿದ್ದರೂ ಅರ್ಥ ಆ ಕ್ರಿಯಾರೂಪದೊಳಗೇ ಅಡಗಿದೆ. ಬರವಣಿಗೆಯ ಗಂಭೀರ ಶೈಲಿಯಲ್ಲಿ ‘ಜ ನ ಸೇ ಕ ಫೇರ್’ ಎಂಬ ರೂಪವೂ ಉಂಟು. ಅಲ್ಲಿ ‘ಪಾ’ ಇಲ್ಲದೆಯೇ ನಿಷೇಧ ಪೂರ್ಣವಾಗುತ್ತದೆ. ನನಗೆ ಈ ರೂಪವೇ ಹೆಚ್ಚು ಇಷ್ಟ, ಆದರೆ ಮಾತಿನಲ್ಲಿ ಬಳಸಿದರೆ ಗ್ರಾಂಥಿಕವಾಗಿ ಕೇಳಿಸುತ್ತದೆ.

ಒಬ್ಬರೇ ಕರ್ತೃ ಎಂಬ ಮಾತನ್ನು ಮಾತ್ರ ಬಹಳ ಬಿಗಿಯಾಗಿ ಹಿಡಿಯಬೇಡ. ‘ದೀ ಮ್ವಾ ಕ್ವಾ ಫೇರ್’, ಏನು ಮಾಡಲಿ ಹೇಳು, ಎಂಬಲ್ಲಿ ಹೇಳುವವಳು ನೀನು, ಮಾಡುವವನು ನಾನು.

ಈಜಲು ಬರುತ್ತದೆ ಎನ್ನುವಾಗ ನೀನು ‘ಕೊಮಾಂ’ ಸೇರಿಸಿದ್ದೀಯೆ. ನಾನೂ ವರ್ಷಗಟ್ಟಲೆ ಇದೇ ತಪ್ಪು ಮಾಡಿದವನು. ಕಲಿತು ಬಂದ ಸಾಮರ್ಥ್ಯವನ್ನು ಹೇಳಲು ‘ತಿಳಿದಿರು’ ಎಂಬರ್ಥದ ‘ಸಾವ್ವಾರ್’ ಕ್ರಿಯಾಪದಕ್ಕೆ ಪ್ರಶ್ನಾಪದದ ನೆರವು ಬೇಡ: ‘ಜ ಸೇ ನಾಜೇ’. ‘ಹೇಗೆ ಈಜುವುದೆಂದು ಬರುತ್ತದೆ’ ಎಂದು ಕನ್ನಡದಲ್ಲಿಯೂ ನಾವು ಹೇಳುವುದಿಲ್ಲವಷ್ಟೆ.

ಇನ್ನುಳಿದದ್ದು ‘ಸಿ’. ಹೊರಡಲೋ ಬೇಡವೋ ಎಂಬ ಅನುಮಾನಕ್ಕೆ ಫ್ರೆಂಚ್‌ನಲ್ಲಿ ‘ಸಿ’ ಇದೆಯಾದರೂ ಅದರ ಮುಂದೆ ಇನ್ಫಿನಿಟಿವ್ ನಿಲ್ಲದು. ‘ಜ ನ ಸೇ ಪಾ ಸಿ ಜ ದ್ವಾ ಪಾರ್ತೀರ್’ ಎಂದು ಪೂರ್ಣ ವಾಕ್ಯವನ್ನೇ ಬರೆಯಬೇಕು. ನಿನ್ನ ಕೊನೆಯ ಪುಟದಲ್ಲಿ ‘ಎಲ್ ನ ಸೇ ಪಾ ಸಿ ರೆಸ್ತೇ’ ಎಂದಿದೆ. ಅದನ್ನು ನಾನು ತಿದ್ದಿಲ್ಲ; ನೀನೇ ತಿದ್ದಿ ಕಳುಹಿಸು.

ನಿನ್ನ
ಅಪ್ಪ